ಖಾಲಿ ಮನೆಯ ಯಜಮಾನ

ವಸತಿ ಮಂಡಳಿಯ ಕಚೇರಿಯಲ್ಲಿ ಟೈಲರಕ್ಕನ ಸರದಿ ಬಂದಾಗ ಹನ್ನೊಂದು ಗಂಟೆ ದಾಟಿತ್ತು. ಹಳೇ ಬೆಂಕಿಪೊಟ್ಟಣದ ಕಾರ್ಖಾನೆಯ ಹಿಂದಿನ ಬಡಾವಣೆಯಲ್ಲಿ ಮಂಡಳಿಯವರು ಅಗ್ಗದ ಮನೆಗಳನ್ನು ಕಟ್ಟಿಸಿದ್ದರು. ಅರ್ಜಿ ಹಾಕಿದವರು ಸಾವಿರಾರು ಮಂದಿ. ಚೀಟಿ ಎತ್ತಿದಾಗ ಅವಳ ಹೆಸರು ಬಂದಿತ್ತು. ಹೋದ ವಾರವೇ ಹೋಗಿ ಮನೆ ನೋಡಿಕೊಂಡು ಬಂದಿದ್ದಳು. ಎರಡು ಕೋಣೆ, ಒಂದು ಅಡುಗೆಮನೆ. ಕುತ್ತಿಗೆಯಲ್ಲಿ ಸದಾ ನೇತಾಡುವ ಅಳತೆ ಟೇಪಿನಲ್ಲೇ ಕಿಟಕಿ ಪಕ್ಕದ ಗೋಡೆಯನ್ನು ಅಳೆದು, ಹೊಲಿಗೆ ಮಷಿನ್ನು ಇಲ್ಲಿ, ಮಕ್ಕಳ ಮೇಜು ಅಲ್ಲಿ ಎಂದು ಮನಸ್ಸಿನಲ್ಲೇ ಸಂಸಾರ ಹೂಡಿಬಿಟ್ಟಿದ್ದಳು. ಇವತ್ತು ಕಾಗದಪತ್ರ ತೋರಿಸಿ ಸಹಿ ಹಾಕಿದರೆ ಮುಗಿಯಿತು.

ಗುಮಾಸ್ತ ಕಂಪ್ಯೂಟರನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ.

"ಅಕ್ಕಾ, ನಿಮಗೆ ಈ ಮನೆ ಕೊಡಕ್ಕಾಗಲ್ಲ."

"ಯಾಕೆ? ಎಲ್ಲಾ ಕಾಗದ ಇದೆಯಲ್ಲ?"

"ಕಾಗದ ಇದೆ, ಮನೇನೂ ಇದೆ. ಅದೇ ತೊಂದರೆ. ಸ್ವಂತ ಮನೆ ಇದ್ದೋರಿಗೆ ಈ ಯೋಜನೇಲಿ ಕೊಡಲ್ಲ. ನಿಮ್ಮ ಯಜಮಾನರ ಹೆಸರಲ್ಲಿ ಆಗಲೇ ಒಂದಿದೆ."

ಅವಳಿಗೆ ನಗು ಬಂತು. "ಸ್ವಾಮಿ, ನಮ್ಮ ಯಜಮಾನರ ಹೆಸರಲ್ಲಿ ಒಂದು ಸೈಕಲ್ಲಿದೆ. ಅದರದ್ದೂ ಬೆಲ್ಲು ಹೋಗಿದೆ. ಅದೇ ಹೆಸರಿನ ಬೇರೆ ಯಾರೋ ಇರಬೇಕು, ಸರಿಯಾಗಿ ನೋಡಿ."

ಅವನು ಪರದೆಯನ್ನೇ ಅವಳ ಕಡೆ ತಿರುಗಿಸಿದ. ಮಾವನ ಹೆಸರು ಸರಿಯಿತ್ತು. ಹುಟ್ಟಿದ ದಿನ ಸರಿಯಿತ್ತು. ಉದ್ಯೋಗ: ಬಸ್ ನಿಲ್ದಾಣದಲ್ಲಿ ಪ್ರಕಟಣೆಗಾರ. ಪಕ್ಕದಲ್ಲಿ ಫೋಟೋ. ಏಳು ವರ್ಷದ ಹಿಂದಿನ ಮುಖ, ಆಗಿನ್ನೂ ಇದ್ದ ಮೀಸೆ. ಆ ಮೀಸೆಯನ್ನು ಬೋಳಿಸಿಕೊಳ್ಳಲು ಹೇಳಿದವಳು ಅವಳೇ.

"ಸ್ವಂತ ಮನೆ ಇಲ್ಲ ಅಂತ ಅವರೇ ನಿಮ್ಮ ಅರ್ಜೀಲಿ ಸಹಿ ಹಾಕಿದ್ದಾರೆ," ಗುಮಾಸ್ತ ದನಿ ತಗ್ಗಿಸಿದ. "ಸುಳ್ಳು ಹೇಳಿಕೆ ಆಗುತ್ತೆ. ಅರ್ಜಿ ವಾಪಸ್ ತಗೊಂಡ್ಬಿಡಿ. ನಾನು ದೊಡ್ಡದು ಮಾಡಲ್ಲ."

ವಾಪಸ್ ಪಡೆಯುವ ಕಾಗದಕ್ಕೆ ಸಹಿ ಹಾಕಿದಳು. ಪರದೆಯಲ್ಲಿದ್ದ ಮನೆಯ ವಿಳಾಸವನ್ನು ಸರದಿಯ ಟೋಕನ್ನಿನ ಬೆನ್ನಿಗೆ ಬರೆದುಕೊಂಡಳು. ಅದೇ ಬೆಂಕಿಪೊಟ್ಟಣದ ಕಾರ್ಖಾನೆ ಹಿಂದೆ, ಮೂರನೇ ಅಡ್ಡಬೀದಿ.

ಬಸ್ಸಿನಲ್ಲಿ ಕೂತವಳಿಗೆ ಒಂದೇ ಯೋಚನೆ: ಯಾರವಳು?

ಗಂಡನನ್ನು ನಿಲ್ದಾಣದವರೆಲ್ಲ ಮೈಕಣ್ಣ ಎನ್ನುತ್ತಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಕೂಗುವುದೇ ಅವನ ಕೆಲಸ. ಮನೆಯಲ್ಲಿ ಮಾತ್ರ ಮಾತು ಮುತ್ತಿನಷ್ಟು ದುಬಾರಿ. ಬುಧವಾರ, ಶನಿವಾರ ಓವರ್‌ಟೈಮ್ ಎಂದು ಸಂಜೆ ಏಳಕ್ಕೆ ಬರುತ್ತಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅವಳ ಅಕ್ಕ ಎಷ್ಟು ಸಲ ಹೇಳಿಲ್ಲ!

ಇವತ್ತು ಬುಧವಾರ.

ಮೂರನೇ ಅಡ್ಡಬೀದಿಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಅವಳು ಹುಡುಕುತ್ತಿದ್ದ ಮನೆ ಕೊನೆಯದು. ಹಸಿರು ಬಾಗಿಲಿಗೆ ಬೀಗ. ಎದುರಿನ ತಗಡಿನ ಚಪ್ಪರದಡಿ ಒಬ್ಬ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ.

"ಈ ಮನೇಲಿ ಯಾರಿದ್ದಾರೆ?"

"ಮೈಕಣ್ಣ ಅಂತ. ಅವರು ಇರಲ್ಲಮ್ಮ, ವಾರಕ್ಕೆರಡು ಸಲ ಬಂದು ಹೋಗ್ತಾರೆ. ನೀವ್ಯಾರು?"

"ಅವರ ಹೆಂಡತಿ."

ಇಸ್ತ್ರಿಯವನ ಕೈ ಗಾಳಿಯಲ್ಲೇ ನಿಂತಿತು. "ಅಯ್ಯೋ, ಅವರಿಗೆ ಹೆಂಡ್ತಿ ಇಲ್ವಲ್ಲಮ್ಮ! ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ ಅಂತ ಬೀದಿಯವರೆಲ್ಲ..."

"ಹಾಗಂತ ಅವರೇ ಹೇಳಿದ್ರಾ?"

"ಹೇಳ್ಲಿಲ್ಲ. ನಾವೇ ಅಂದ್ಕೊಂಡ್ವಿ. ಒಂದ್ಸಲ ನಮ್ಮನೆಯವಳು ಮುಖದ ಮೇಲೇನೇ ಕೇಳಿದ್ಲು, ಒಬ್ಬರೇನಾ ಅಣ್ಣ ಅಂತ. ಹೂಂ ಅಂದ್ರು."

ಹೂಂ. ಬದುಕಿರುವ ಹೆಂಡತಿ, ಎದೆಯೆತ್ತರಕ್ಕೆ ಬೆಳೆದ ಇಬ್ಬರು ಹೆಣ್ಣುಮಕ್ಕಳು, ಹೆತ್ತ ತಾಯಿ, ನಾಲ್ಕು ಜೀವಗಳನ್ನು ಒಂದು ಹೂಂನಲ್ಲಿ ಒರೆಸಿ ಹಾಕಿದ್ದ. ಟೈಲರಕ್ಕ ಚಪ್ಪರದ ಕಂಬ ಹಿಡಿದುಕೊಂಡಳು. ಇಸ್ತ್ರಿಯವನು ಗಾಬರಿಯಾಗಿ ಒಂದು ಲೋಟ ನೀರು ಕೊಟ್ಟ. ನಲ್ಲಿ ನೀರು ಬಂದಾಗ ಡ್ರಮ್ಮು ತುಂಬಿಸಲೆಂದು ಮೈಕಣ್ಣ ಒಂದು ಬೀಗದ ಕೈಯನ್ನು ಅವನ ಹತ್ತಿರ ಇಟ್ಟಿದ್ದ. ಕೊಡಬೇಕೋ ಬೇಡವೋ ಎಂದು ತಡವರಿಸಿದ ಅವನು, ಅವಳ ಮುಖ ನೋಡಿ ಸುಮ್ಮನೆ ಅದನ್ನು ಅವಳ ಕೈಗಿಟ್ಟ.

ಒಳಗೆ ಹೋದವಳು ಪೊಲೀಸರಂತೆ ಹುಡುಕಿದಳು. ಮುಂದಿನ ಕೋಣೆ, ಒಳಗೊಂದು ಪುಟ್ಟ ಕೋಣೆ, ಅಡುಗೆಮನೆ, ಬಚ್ಚಲು. ಹೆಂಗಸಿನ ಚಪ್ಪಲಿ ಇರಬೇಕು. ಬಾಚಣಿಗೆಯಲ್ಲಿ ಉದ್ದ ಕೂದಲಿರಬೇಕು. ಒಂದು ಪಿನ್ನು, ಒಂದು ಸೆರಗಿನ ದಾರ, ಏನಾದರೂ. ಕಪಾಟು ತೆಗೆದಳು. ಒಂದು ಲೋಟ, ಒಂದು ತಟ್ಟೆ, ಟೀ ಕಾಸುವ ಒಂದು ಪಾತ್ರೆ. ಮೂಲೆಯಲ್ಲಿ ಸುತ್ತಿಟ್ಟ ಒಂದು ಚಾಪೆ. ಮುಂದಿನ ಕೋಣೆಯ ನಟ್ಟನಡುವೆ ಕಾರ್ಖಾನೆಯ ಗೋಡೆಗೆ ಮುಖ ಮಾಡಿ ಒಂದು ಬೆತ್ತದ ಕುರ್ಚಿ. ಅಷ್ಟೇ. ಎರಡನೆಯದೆಂಬ ವಸ್ತುವೇ ಆ ಮನೆಯಲ್ಲಿರಲಿಲ್ಲ.

ಇನ್ನೊಬ್ಬಳು ಸಿಕ್ಕಿದ್ದರೆ ಜುಟ್ಟು ಹಿಡಿದು ಬೀದಿಗೆಳೆಯಬಹುದಿತ್ತು. ಈಗ ಏನು ಮಾಡಬೇಕೆಂದೇ ತೋಚದೆ ಅವಳು ಆ ಕುರ್ಚಿಯಲ್ಲಿ ಕುಳಿತಳು.

ಮೂರು ಗಂಟೆಗೆ ಹೊರಗೆ ಸೈಕಲ್ಲಿನ ಸದ್ದು. ತೆರೆದ ಬಾಗಿಲು ನೋಡಿ ಮೈಕಣ್ಣ ಒಳಗೆ ಇಸ್ತ್ರಿಯವನೇ ಇರಬೇಕೆಂದುಕೊಂಡನೇನೋ, ಸಲೀಸಾಗಿ ಒಳಗೆ ಬಂದ. ಅವಳನ್ನು ನೋಡಿದ್ದೇ ಒಂದು ಹೆಜ್ಜೆ ಹಿಂದಕ್ಕಿಟ್ಟ.

"ಯಾರವಳು?" ಎಂದಳು.

"ಯಾರೂ ಇಲ್ಲ."

"ಸುಳ್ಳು ಹೇಳಬೇಡಿ ರೀ."

"ನಿನ್ನಾಣೆ ಯಾರೂ ಇಲ್ಲ."

"ಮತ್ತೆ ಇಲ್ಲಿ ಏನ್ ಮಾಡ್ತೀರಾ?"

"ಕೂತ್ಕೋತೀನಿ," ಎಂದ.

"ಕೂತ್ಕೊಂಡು?"

"ಸುಮ್ನೆ."

ಆಮೇಲೆ ತುಂಡುತುಂಡಾಗಿ ಹೇಳಿದ. ನಿವೃತ್ತನಾದ ಒಬ್ಬ ಡ್ರೈವರ್ ಊರು ಬಿಡುವಾಗ ಈ ಮನೆಯನ್ನು ಮೂರು ಕಾಸಿಗೆ ಮಾರಿದ್ದ. ಆಗ ಇಲ್ಲಿ ರಸ್ತೆಯಿರಲಿಲ್ಲ, ನಲ್ಲಿಯಿರಲಿಲ್ಲ. ನೀರು ಬಂದ ಮೇಲೆ ಎಲ್ಲರನ್ನೂ ಕರೆದುಕೊಂಡು ಬಂದು ಚಕಿತಗೊಳಿಸೋಣ ಎಂದು ಹೇಳದೆ ಇಟ್ಟುಕೊಂಡ. ನೀರು ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಇಲ್ಲಿ ಬಂದು ಕೂರುವುದು ರೂಢಿಯಾಗಿತ್ತು.

"ದಿನವೆಲ್ಲ ಕಿವೀಲಿ ಬಸ್ಸು, ಮೈಕು. ಮನೆಗೆ ಬಂದ್ರೆ ನಿನ್ನ ಮಷಿನ್ನು, ಅಮ್ಮನ ಗೊಣಗಾಟ, ಪಕ್ಕದ ಮನೆ ಟೀವಿ. ಇಲ್ಲಿ ಕೂತ್ರೆ ತಲೆ ತಣ್ಣಗಾಗೋದು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೇ..."

"ಏಳು ವರ್ಷ!" ಅವಳ ದನಿ ಒಡೆಯಿತು. "ಏಳು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದ್ವಿ. ಮಷಿನ್ನನ್ನ ಗಾಡೀಲಿ ಹಾಕ್ಕೊಂಡು ಅಗೋ ಆ ದೊಡ್ಡ ರಸ್ತೇಲೇ ತಳ್ಕೊಂಡು ಹೋದ್ವಿ. ನೀವೇ ತಳ್ಳಿದ್ರಿ! ದೊಡ್ಡವಳು ಮೆಟ್ಟಿಲ ಮೇಲೆ ಕೂತು ಪರೀಕ್ಷೆಗೆ ಓದಿದ್ಲು. ಹೋಗೋರು ಬರೋರು ಅವಳ ಪುಸ್ತಕ ದಾಟ್ಕೊಂಡು ಹೋಗೋರು. ಆವಾಗ ನೀವು ಇಲ್ಲಿ ಕೂತಿದ್ರಾ? ಈ ಕುರ್ಚಿ ಮೇಲೆ?"

ಅವನು ತಲೆ ತಗ್ಗಿಸಿದ.

"ಹೂಂ ಅಂದ್ರಂತೆ. ಒಬ್ಬರೇನಾ ಅಂತ ಕೇಳಿದ್ದಕ್ಕೆ."

ಅವನು ಅಳತೊಡಗಿದ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. ಆದರೆ ಎದ್ದು ಹತ್ತಿರ ಹೋಗಬೇಕೆನ್ನಿಸಲಿಲ್ಲ. ಎದುರಿಗಿದ್ದವನು ಯಾವನೋ ದಾರಿಹೋಕನಂತೆ ಕಂಡ.

ಸಂಜೆ ಮನೆಯಲ್ಲಿ ಎಲ್ಲರೆದುರಿಗೆ ಅವಳೇ ವಿಷಯ ಹೇಳಿದಳು. ದೊಡ್ಡ ಮಗಳು ನಂಬಲಿಲ್ಲ. ಅಪ್ಪನ ಮುಖ ನೋಡಿ ನಂಬಿದಳು. ಚಿಕ್ಕವಳು, "ಅಂದ್ರೆ ನಮಗೆ ಮನೆ ಇತ್ತಾ?" ಎಂದು ಅದನ್ನೇ ಎರಡೆರಡು ಸಲ ಕೇಳಿದಳು. ಅತ್ತೆ ಮಂಚದ ಮೇಲೆ ಕೂತಿದ್ದರು. ಮಗ ಹಗಲನ್ನು ಇರುಳೆಂದರೂ ದೀಪ ಹಚ್ಚುವ ತಾಯಿ. ಈಗಲೂ ಅವನ ಪರವಾಗಿ ಏನಾದರೂ ಹೇಳುತ್ತಾರೆಂದು ಟೈಲರಕ್ಕ ಹಲ್ಲು ಕಚ್ಚಿ ನಿಂತಳು. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು, ಎರಡು ಹೆಜ್ಜೆ ನಡೆದರು, ನಲವತ್ತೆಂಟು ವರ್ಷದ ಮಗನ ಕೆನ್ನೆಗೆ ಪಟಾರನೆ ಬಾರಿಸಿದರು.

"ನಾನು ಈ ಹೆಣ್ಣುಮಕ್ಕಳ ಕಾಲ ಹತ್ತಿರ ಮುದುಡಿ ಮಲಗ್ತಿದ್ದೀನಿ. ರಾತ್ರಿ ಎದ್ರೆ ಯಾರನ್ನ ತುಳೀತೀನೋ ಅಂತ ನೀರು ಕುಡಿಯೋದೇ ಬಿಟ್ಟಿದ್ದೀನಿ. ನಿನಗೆ ಕೂರಕ್ಕೆ ಒಂದು ಮನೆ ಬೇಕಾಗಿತ್ತೇನೋ?"

ಹೊಡೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮುದುಕಿ ಕುಸಿದು ಕೂತರು. ಅವರನ್ನು ಹಿಡಿದುಕೊಂಡವಳು ಸೊಸೆಯೇ.

ಎರಡು ವಾರದಲ್ಲಿ ಹಸಿರು ಬಾಗಿಲಿನ ಮನೆಗೆ ಸಾಮಾನು ಸಾಗಿಸಿದರು. ಮನೆಯನ್ನು ತನ್ನ ಹೆಸರಿಗೆ ಬರೆದುಕೊಡಬೇಕೆಂದಳು ಟೈಲರಕ್ಕ. ಮೈಕಣ್ಣ ಮರುಮಾತಿಲ್ಲದೆ ಬರೆದುಕೊಟ್ಟ. ಹೊಸ ಬೀದಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು, ಒಂಟಿ ಮನುಷ್ಯನ ಮನೆಯೊಳಗೆ ಒಬ್ಬರ ಹಿಂದೊಬ್ಬರು ನಾಲ್ಕು ಹೆಂಗಸರು ಹೋಗುವುದನ್ನು ಕಣ್ಣು ಬಾಯಿ ಬಿಟ್ಟು ನೋಡಿದರು. ಮಷಿನ್ನು ಮುಂದಿನ ಕೋಣೆಯಲ್ಲಿ ಕೂತಿತು. ಒಳಗಿನ ಪುಟ್ಟ ಕೋಣೆ ಮಕ್ಕಳಿಗಾಯಿತು.

ಮೈಕಣ್ಣನ ಪಾಳಿ ಮುಗಿದ ಮೇಲೂ ಅವನು ನಿಲ್ದಾಣದಲ್ಲೇ ಉಳಿಯುತ್ತಾನೆಂದು, ಕೊನೆಯ ಅಂಕಣದ ಬೆಂಚಿನ ಮೇಲೆ ಪ್ರಯಾಣಿಕನಂತೆ ಕೂತಿರುತ್ತಾನೆಂದು ಒಬ್ಬ ಕಂಡಕ್ಟರ್ ಬಂದು ಹೇಳಿದ. ಅವಳು ಕೇಳಿಸಿಕೊಂಡಳು. ಅವನನ್ನು ಕರೆತರಲು ಹೋಗಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತು ಬೇಕಾದಷ್ಟೇ. ಅಕ್ಕ ಫೋನಿನಲ್ಲಿ, "ಅಂತೂ ಸ್ವಂತ ಮನೆ ಆಯ್ತಲ್ಲ, ಬಿಡೇ," ಎಂದಾಗ, "ಮನೆ ಸಿಕ್ತು ಕಣಕ್ಕ," ಎಂದಳು. ಅಷ್ಟಕ್ಕೇ ಫೋನಿಟ್ಟಳು.

ಒಂದು ಮಧ್ಯಾಹ್ನ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕುತ್ತ ಕೂತಿದ್ದಳು. ಚಿಕ್ಕವಳು ಶಾಲೆಯಿಂದ ಬಂದವಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಅವರ ಯಾವ ಮನೆಯಲ್ಲೂ ಆವರೆಗೆ ಒಳಚಿಲಕವಿರುವ ಕೋಣೆಯೇ ಇರಲಿಲ್ಲ. ಟೈಲರಕ್ಕ ಸೂಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದುಹೋಗಿ ಬಾಗಿಲು ಬಡಿದಳು.

"ಏನೇ ಮಾಡ್ತಿದ್ದೀಯಾ ಒಳಗೆ?"

"ಓದ್ತಿದ್ದೀನಮ್ಮಾ."

"ಚಿಲಕ ತೆಗಿ."

ಮಗಳು ತೆಗೆದಳು. ನೆಲದ ಮೇಲೆ ತೆರೆದಿಟ್ಟ ಪುಸ್ತಕ, ಪಕ್ಕದಲ್ಲಿ ಪೆನ್ಸಿಲ್ಲು.

"ಏನಮ್ಮಾ?"

"ಏನಿಲ್ಲ," ಎಂದಳು ತಾಯಿ. ಕೋಣೆಯ ಮೇಲೊಮ್ಮೆ ಪೂರ್ತಿ ಕಣ್ಣಾಡಿಸಿದಳು. "ಓದ್ಕೋ. ಬಾಗಿಲು ಮಾತ್ರ ಹಾಕ್ಕೋಬೇಡ."