ಎಡಗಡೆಯ ಮಡ್‌ಗಾರ್ಡು

ಹನ್ನೆರಡು ಮಿಲಿಮೀಟರು. ಹಳೆಯ ಕಾರುಗಳು ಮೂಲದ ಹಾಗೇ ಇವೆಯೇ ಎಂದು ಪರೀಕ್ಷಿಸುವ ಇಂಜಿನಿಯರ್ ತರಬೀನಿ ಮೂರು ಸಲ ಅಳೆದರು, ಮೂರು ಸಲವೂ ಅಷ್ಟೇ ಬಂತು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಇಟಲಿಯ ಮೊದೆನಾದ ಒಂದು ಸಣ್ಣ ಕಾರ್ಖಾನೆ ಕೈಯಲ್ಲೇ ಬಡಿದು ಮಾಡಿದ್ದ ಮೂರು ಕಾರುಗಳಲ್ಲಿ ಈಗ ಉಳಿದಿರುವುದು ಇದೊಂದೇ. ಅದರ ಎಡಗಡೆಯ ಮಡ್‌ಗಾರ್ಡು ಬಲಗಡೆಯದಕ್ಕಿಂತ ಹನ್ನೆರಡು ಮಿಲಿಮೀಟರು ತಗ್ಗಾಗಿತ್ತು.

“ಇದು ಮೂಲದ್ದಲ್ಲ ಎರ್ಮೆಸ್. ಆಮೇಲೆ ಯಾರೋ ಬೇಕಾಬಿಟ್ಟಿ ಬಡಿದು ಕೂರಿಸಿದ್ದಾರೆ. ಬಲಗಡೆದಕ್ಕೆ ಸರಿಯಾಗಿ ಹೊಸದು ಮಾಡಿ. ಆಗ ಪ್ರಮಾಣಪತ್ರ ಕೊಡ್ತೀನಿ,” ಎಂದರು.

ಎರ್ಮೆಸ್ ವಕ್ಕಾರಿ ಸ್ಟೂಲಿನ ಮೇಲೆ ಕುಸಿದು ಕೂತ. ವಯಸ್ಸು ಎಪ್ಪತ್ತೆರಡು. ಐವತ್ತು ವರ್ಷ ತಗಡು ಬಡಿದು ಕಿವಿ ಅರ್ಧ ಹೋಗಿತ್ತು, ಬಲಹೆಗಲು ಪೂರ್ತಿ ಹೋಗಿತ್ತು. ಇದೊಂದು ಕಾರು ಮುಗಿಸಿ ಶೆಡ್ಡಿಗೆ ಬೀಗ ಹಾಕುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಇಂಜಿನಿಯರ್ ಹೇಳಿದ ಆ ‘ಯಾರೋ’ ಅವನ ಅಪ್ಪ ಅದೇಲ್ಮೊ. ಆ ಕಾರ್ಖಾನೆಯಲ್ಲಿ ಎಡಭಾಗ ಯಾವತ್ತೂ ಅದೇಲ್ಮೊನದು, ಬಲಭಾಗ ಬ್ರೂನೋ ಎಂಬವನದು. ಬಡಿದವರು ಒಳಮೈಯಲ್ಲಿ ಪೆನ್ಸಿಲಿನಿಂದ ಹೆಸರು ಬರೆದು, ಅದರ ಮೇಲೆ ಡಾಂಬರು ಬಳಿಯುತ್ತಿದ್ದರು. ಬಲಗಡೆಯ ಡಾಂಬರನ್ನು ಎರ್ಮೆಸ್ ಹನ್ನೊಂದು ದಿನ ಕೂತು ಕೈಯಲ್ಲೇ ಕೆರೆದಿದ್ದ. ಬ್ರೂನೋನ ಹೆಸರು ಹಾಗೇ ಸಿಕ್ಕಿತ್ತು. ಎಡಗಡೆಯದಕ್ಕೆ ಬರುವ ಹೊತ್ತಿಗೆ ಹೆಗಲು ಸತ್ತೇಹೋಗಿತ್ತು. ಸಾಕಪ್ಪಾ ಎಂದು ಅದನ್ನು ಬಣ್ಣ ಕಳಚುವ ರಸಾಯನದ ತೊಟ್ಟಿಯಲ್ಲಿ ಮುಳುಗಿಸಿಬಿಟ್ಟ. ಡಾಂಬರಿನ ಜೊತೆ ಅಪ್ಪನ ಹೆಸರೂ ತೊಳೆದುಹೋಯಿತು. ಜನ್ಮದಲ್ಲಿ ಒಂದೇ ಒಂದು ಸಲ ಮಾಡಿದ ಸೋಮಾರಿತನ, ಅದೂ ಅಪ್ಪನ ಮೇಲೆಯೇ! ಕೆಟ್ಟ ಮೇಲೆ ಬುದ್ಧಿ ಬಂದರೆ ಏನು ಪ್ರಯೋಜನ?

ಮೂಲೆಯಲ್ಲಿ ಸೀಟಿಗೆ ಚರ್ಮ ಹೊಲಿಯುತ್ತಿದ್ದ ಅಕ್ಕ ದೆಲ್ಫೀನಾ ಸೂಜಿ ಕೆಳಗಿಟ್ಟಳು.

“ಲೋ, ಬಾಯಿಗೇನು ಬೀಗ ಹಾಕ್ಕೊಂಡಿದೀಯ? ಅಪ್ಪಂದು ಹೇಳು.”

“ಬೇಡ ಅಕ್ಕ.”

“ಬೇಡ ಅಂದ್ರೆ? ನೀನು ಹೇಳ್ದಿದ್ರೆ ನಾನ್ ಹೇಳ್ತೀನಿ. ಇಂಜಿನಿಯರ್ರೇ, ನಮ್ಮಪ್ಪನಿಗೆ ಒಂದು ಕಣ್ಣು ಕಾಣ್ತಿರ್ಲಿಲ್ಲ. ನಲವತ್ತೊಂಬತ್ತನೇ ಇಸವಿಯಲ್ಲಿ ಲೋಹದ ಚೂರು ಹೊಕ್ಕಿತ್ತು. ಅಮ್ಮ, ನಾವಿಬ್ರು ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ಅದಕ್ಕೇ ಅವನ ಎಡಭಾಗ ತಗ್ಗು.”

ತರಬೀನಿ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ಅದಕ್ಕೊಂದು ಕಾಗದ, ವೈದ್ಯರ ಚೀಟಿ, ಏನಾದ್ರೂ?”

“ಕಾಗದ ಇದ್ದಿದ್ರೆ ಅವನನ್ನ ಅವತ್ತೇ ಕೆಲಸದಿಂದ ಓಡಿಸ್ತಿದ್ರಲ್ಲಾ ಸ್ವಾಮಿ!”

“ಹಾಗಾದ್ರೆ ನನ್ನ ಕೈಲಿ ಏನೂ ಇಲ್ಲಮ್ಮ,” ಎಂದು ಅವರು ಹೊರಟುಹೋದರು. ಸಂಜೆ ಕಾರಿನ ಮಾಲೀಕ ಜ್ಯೂರಿಕ್‌ನಿಂದ ಫೋನು ಮಾಡಿ, ಹೊಸದು ಮಾಡಿ, ಹಳೆಯದನ್ನು ಗುಜರಿಗೆ ಹಾಕಿ ಎಂದ. ದೆಲ್ಫೀನಾ ಸಾರಿನಲ್ಲಿ ತೊರ್ತೆಲ್ಲೀನಿ ಎಂಬ ಪುಟ್ಟ ಕಡುಬುಗಳನ್ನು ಬೇಯಿಸಿ ತಂದಿಟ್ಟಳು. ಎರ್ಮೆಸ್ ಚಮಚ ಮುಟ್ಟಲಿಲ್ಲ. ಅಪ್ಪ ಮಾಡಿದ್ದೆಂದು ಈ ಲೋಕದಲ್ಲಿ ಉಳಿದಿದ್ದುದು ಅದೊಂದೇ ತಗಡು.

ಮೂರು ವಾರ ಬಡಿದ. ಮರಳುಚೀಲದ ಮೇಲೆ ಅಲ್ಯೂಮಿನಿಯಂ ಹಾಳೆ, ಕೈಯಲ್ಲಿ ಕೊಡತಿ, ಹತ್ತು ಏಟಿಗೊಮ್ಮೆ ನಿಟ್ಟುಸಿರು. ಬಲಗಡೆಯದರ ಅಚ್ಚು ತೆಗೆದು ನೋಡಿಕೊಂಡು ಬಡಿಯೋ ಎಂದು ಅಕ್ಕ ಹೇಳಿದರೆ, “ಅಚ್ಚಿಟ್ಟು ಬಡಿಯೋಕೆ ನಾನೇನು ಬಿಸ್ಕತ್ತು ಮಾಡ್ತಿದೀನಾ?” ಎಂದು ರೇಗಿದ. ಅಳತೆಪಟ್ಟಿಯನ್ನು ಅವನು ಯಾವತ್ತೂ ನಂಬಿದವನಲ್ಲ. ಕಣ್ಣಿಗೆ ಸರಿ ಕಂಡಾಗ ನಿಲ್ಲಿಸಿ, ಬೋಲ್ಟು ಬಿಗಿದು, ಇಂಜಿನಿಯರನ್ನು ಕರೆಸಿದ.

ತರಬೀನಿ ಅಳೆದರು. ಮತ್ತೆ ಅಳೆದರು. ಮುಖ ಕೆಂಪಗಾಯಿತು.

“ಏನ್ರೀ ಇದು, ತಮಾಷೆನಾ? ಮತ್ತೆ ಹನ್ನೆರಡು! ಬೇಕಂತಲೇ ಮಾಡಿದ್ದೀರಿ.”

“ಇಲ್ಲ. ಅಪ್ಪನಾಣೆಗೂ ಇಲ್ಲ,” ಎಂದ ಎರ್ಮೆಸ್. ಪಟ್ಟಿ ಕಿತ್ತುಕೊಂಡು ತಾನೇ ಅಳೆದು ನೋಡಿದ.

ದೆಲ್ಫೀನಾ ಇಂಜಿನಿಯರರ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದಳು. ಅಲ್ಲೊಂದು ನೀಲಿ ಕಾರು ಬ್ರೇಕಿನ ಕೆಲಸಕ್ಕೆಂದು ಬಂದು ನಿಂತಿತ್ತು. “ಇದರ ಎಡಗಡೆದು ಎಂಟು ವರ್ಷದ ಹಿಂದೆ ಇವನೇ ಹೊಸದಾಗಿ ಬಡಿದದ್ದು. ಇದನ್ನ ಅಳೀರಿ.”

ಅಳೆದರು. ಹನ್ನೊಂದೂವರೆ.

“ಇದಕ್ಕೆ ಪತ್ರ ಕೊಟ್ಟೋರು ಯಾರು ಇಂಜಿನಿಯರ್ರೇ?”

“ನಾನೇ,” ಎಂದರು ತರಬೀನಿ, ಮೆತ್ತಗೆ. “ಅವತ್ತು ಕಣ್ಣಲ್ಲೇ ನೋಡಿ ಕೊಟ್ಟಿದ್ದೆ.”

ಹಿಂದೆಯೇ ಬಂದಿದ್ದ ಎರ್ಮೆಸನಿಗೆ ಆಗ ಹೊಳೆಯಿತು. ಬಲಭಾಗ ಅವನಿಗೆ ಕಲಿಸಿದ್ದು ಬ್ರೂನೋ, ಎಡಭಾಗ ಕಲಿಸಿದ್ದು ಅಪ್ಪ. ‘ಇಲ್ಲಿ ಇನ್ನೊಂದು ಚೂರು ತಗ್ಗಬೇಕು ಮಗಾ, ಹಾಂ, ಈಗ ಸರಿ’ ಎಂದು ಅಪ್ಪ ವರ್ಷಗಟ್ಟಲೆ ಹೇಳಿಕೊಟ್ಟದ್ದನ್ನೇ ಅವನ ಕೈ ಸರಿಯೆಂದು ನಂಬಿತ್ತು. ಇವನ ಎರಡು ಕಣ್ಣೂ ನೆಟ್ಟಗಿದ್ದವು, ಆದರೆ ಎಡಭಾಗವನ್ನು ಜೀವಮಾನವಿಡೀ ಅಪ್ಪನ ಒಂದೇ ಕಣ್ಣಿನಿಂದ ನೋಡಿದ್ದ. ಅದನ್ನು ಇಂಜಿನಿಯರರಿಗೆ ಹೇಳುತ್ತಿದ್ದಂತೆ ಅಳು ಬಂತು. ಅಕ್ಕನ ಎದುರು ಅಳಲು ಅವನಿಗೆ ನಾಚಿಕೆಯಾಗಲಿಲ್ಲ.

ತರಬೀನಿ ಅಳತೆಪಟ್ಟಿ ಮಡಚಿ ಜೇಬಿಗಿಟ್ಟರು. ಆಮೇಲೆ ಹೇಳಿದರು: “ಹಳೇದು ನಿಮ್ಮಪ್ಪಂದೇ ಅನ್ನೋದಕ್ಕೆ ಇಷ್ಟು ಸಾಕು, ನಾನು ಒಪ್ತೀನಿ. ಆದ್ರೆ ಕಾರಣ ಬರೀಬೇಕಾಗುತ್ತೆ ಎರ್ಮೆಸ್. ಬರೆದ್ರೆ ನೀವು ಎಡಗಡೆ ಬಡಿದ ಕಾರುಗಳನ್ನೆಲ್ಲ ಮತ್ತೆ ತೆಗೆದು ಅಳೀಬೇಕು. ಎಷ್ಟಿದಾವೆ?”

“ಹದಿನಾಲ್ಕು.”

“ಹದಿನಾಲ್ಕೂ ತಪ್ಪು ಅಂತ ಬರುತ್ತೆ. ಜನ ಸುಮ್ಮನಿರಲ್ಲ. ಬೇಡ ಅಂದ್ರೆ ಇಲ್ಲಿಗೇ ಬಿಡೋಣ. ಹೊಸದನ್ನ ಅಚ್ಚಿಟ್ಟು ತಿದ್ದಿ, ಪತ್ರ ತಗೊಳ್ಳಿ, ಬೀಗ ಹಾಕಿ ಆರಾಮಾಗಿರಿ.”

ಮೂವರೂ ಶೆಡ್ಡಿಗೆ ಮರಳಿದರು. ಎರ್ಮೆಸ್ ಕಾರಿನ ಹತ್ತಿರ ಹೋಗಿ ನಿಂತ. ದಣಿದಿದ್ದ. ಇಷ್ಟು ದಣಿವು ಅವನಿಗೆ ಯಾವ ಕೆಲಸದಲ್ಲೂ ಆಗಿರಲಿಲ್ಲ.

“ಬರೀರಿ,” ಎಂದ. “ವಕ್ಕಾರಿ ಅದೇಲ್ಮೊ, ಐವತ್ತೊಂದರಲ್ಲಿ, ಒಂದು ಕಣ್ಣಲ್ಲಿ ಬಡಿದದ್ದು ಅಂತ ಸ್ಪಷ್ಟವಾಗಿ ಬರೀರಿ. ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ಳಿ.”

ಮೂರು ವಾರ ಬಡಿದ ಹೊಸ ಮಡ್‌ಗಾರ್ಡಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಅದನ್ನು ನೆಲಕ್ಕಿಳಿಸಿದ. ಗುಜರಿಗೆ ಹಾಕದೆ ಗೋಡೆಗೆ ಒರಗಿಸಿಟ್ಟಿದ್ದ ಅಪ್ಪನದನ್ನು ಎತ್ತಲು ಹೋದರೆ ಹೆಗಲು ಏಳಲಿಲ್ಲ. ಅಕ್ಕ ಬಂದು ಇನ್ನೊಂದು ತುದಿ ಹಿಡಿದಳು.