ಗಾಳಿ ಕಾಯುವವನು

ಎಲೆಕ್ಟ್ರಿಕ್ ಸ್ಕೂಟರಿನ ಜೊತೆಗೇ ನಾನು ಟಯರಿನ ಗಾಳಿ ಅಳೆಯುವ ಗೇಜನ್ನೂ ಕೊಂಡಿದ್ದೆ. ಭಾರವೆಲ್ಲ ಹೊರುವ ಹಿಂದಿನ ಚಕ್ರವನ್ನು ಎದ್ದ ಕೂಡಲೇ ಅಳೆಯುತ್ತಿದ್ದೆ, ಹೊರಡುವಾಗ ಅಳೆಯುತ್ತಿದ್ದೆ, ಬಂದ ಮೇಲೆ ಅಳೆಯುತ್ತಿದ್ದೆ, ನಂಬಿಕೆ ಸಾಲದೆ ಮತ್ತೊಮ್ಮೆ ಅಳೆಯುತ್ತಿದ್ದೆ. ಇಷ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದರೂ ಅದರ ಗಾಳಿ ಇಳಿಯುತ್ತಲೇ ಇತ್ತು.

ಬೇರೆಯವರಾಗಿದ್ದರೆ ಪಂಕ್ಚರ್ ಅಂಗಡಿಗೆ ಹೋಗುತ್ತಿದ್ದರು. ನಾಲ್ಕು ವಿಡಿಯೊ ನೋಡಿದ ಮಹಾಪಂಡಿತ ಹೋಗುವುದುಂಟೆ? ಟಯರಿಗೆಲ್ಲ ಸೋಪಿನ ನೀರು ಬಳಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಮೊಳೆ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಚಕ್ರ ಬಿಚ್ಚಿ ಟ್ಯೂಬನ್ನೇ ಬದಲಾಯಿಸಿದೆ. ಜೋಡಿಸಿದ ಮೇಲೆ ಒಂದು ವಾಷರ್ ಮಿಕ್ಕಿತು. ಅದು ಹೆಚ್ಚುವರಿ ಇರಬೇಕೆಂದು ಜೇಬಿಗೆ ಹಾಕಿಕೊಂಡೆ. ಮರುದಿನ ಮತ್ತೆ ಗಾಳಿ ಕಡಿಮೆ!

ನಾನು ಟಯರಿನ ಕಂಪನಿಯವರನ್ನು ಬೈಯುತ್ತಾ ಮತ್ತೆ ಗೇಜ್ ಒತ್ತಿದೆ. ಜಗಲಿಯ ಮೇಲೆ ಬಟ್ಟೆ ಮಡಿಸುತ್ತಿದ್ದ ಅತ್ತೆ ಕೇಳಿದರು, "ಅಳಿಯಂದ್ರೇ, ನೀವು ಒತ್ತಿದಾಗೆಲ್ಲ ಅದು ಬುಸ್ ಅನ್ನತ್ತಲ್ಲ, ಅದೇನು?"

"ಅಷ್ಟೂ ಗೊತ್ತಿಲ್ವಾ ಅತ್ತೆ? ಒಂಚೂರು ಗಾಳಿ ಹೊರಗೆ ಹೋಗತ್ತೆ, ಅಷ್ಟೆ," ಎಂದು ಪಾಠ ಹೇಳಿದೆ.

ಹೇಳಿ ಮುಗಿಸುವಷ್ಟರಲ್ಲಿ ನನ್ನ ಬಾಯಿ ತೆರೆದೇ ಉಳಿಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅತ್ತೆ ಪಾಪ, ಸೀರೆಯೊಂದನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕರು.

ಗೇಜ್ ಈಗ ಅವರ ಬೀರುವಿನಲ್ಲಿದೆ. ಒಂದು ವಾರವಾಯಿತು, ಗಾಳಿ ಹೆಚ್ಚೇನೂ ಇಳಿದಿಲ್ಲ. ನನಗೆ ಹೇಗೆ ಗೊತ್ತು ಅಂತೀರಾ? ಅತ್ತೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡುತ್ತಾರೆ.