ಹಣಮಂತಪ್ಪ ಹಾಕಿದ ಬೆಸುಗೆ

ಬರ ಬಿದ್ದು ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷ. ಬೀದರಿನ ನೌಬಾದದಲ್ಲಿ ಮಡೆಪ್ಪನ ವೆಲ್ಡಿಂಗ್ ಅಂಗಡಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಗೇಟು, ಕಿಟಕಿ ಮಾಡಿಸುವವರು ಬರುವುದೇ ನಿಂತಿತ್ತು. ಬಂದವರಿಗೆಲ್ಲ ನೀರಿನ ಟ್ಯಾಂಕರ್ ಬೇಕಿತ್ತು. ಸುತ್ತಲಿನ ಹೊಲವೆಲ್ಲ ಸುಟ್ಟುಹೋದಾಗ ತನ್ನ ಅಂಗಡಿಯೊಂದು ನಡೆಯುತ್ತಿದೆಯಲ್ಲ ಎಂದು ಮಡೆಪ್ಪನಿಗೆ ಒಳಗೊಳಗೇ ಅಳುಕು. ಅದಕ್ಕೇ ಇರಬೇಕು, ಔರಾದ ಕಡೆಯ ಹಳ್ಳಿಯಿಂದ ತಂಗಿ ಜನಾಬಾಯಿಯನ್ನೂ ಅವಳ ಗಂಡ ಹಣಮಂತಪ್ಪನನ್ನೂ ಕರೆಸಿಕೊಂಡ.

ಹಣಮಂತಪ್ಪ ಕುರಿ ಕಾಯ್ದು ಬೆಳೆದವನು, ನಲವತ್ತು ದಾಟಿದವನು. ಮೇವು ಸಿಗದೆ ಹಿಂಡು ಮಾರಿ, ಹೈದರಾಬಾದಿಗೆ ಗುಳೆ ಹೋಗಿ, ಕಟ್ಟುತ್ತಿದ್ದ ದೊಡ್ಡ ಮನೆಗಳ ಬುಡದಲ್ಲಿ ತಗಡಿನ ಗುಡಿಸಲಲ್ಲಿ ಒಂದು ವರ್ಷ ಕಳೆದು ಬಂದಿದ್ದ. ಆ ವರ್ಷ ಇಬ್ಬರು ಹೆಣ್ಣುಮಕ್ಕಳೂ ಸಾಲಿಯ ಮುಖ ನೋಡಿರಲಿಲ್ಲ.

“ಕೈಯಾಗ ಹುನರ್ ಇರಬೇಕು, ಕಸಬು ಇರಬೇಕು ಹಣಮಂತಪ್ಪಾ,” ಎಂದಿದ್ದ ಮಡೆಪ್ಪ. “ಹುನರ್ ಇದ್ದಾವಗ ಬರ ಏನ್ ಮಾಡ್ತದ? ಐದು ಬೆರಳಿದ್ದವರಿಗೆಲ್ಲ ಬರ್ತದ ಈ ಕೆಲಸ. ಬರೂದಿಲ್ಲ ಅನ್ನಾವ ಮೈಗಳ್ಳ ಅಷ್ಟೇ.”

ಹತ್ತಿರದ ಚಿದ್ರಿಯಲ್ಲಿ ಒಂದು ಖೋಲಿ ಬಾಡಿಗೆಗೆ ಸಿಕ್ಕಿತು. ಜನಾಬಾಯಿ ಹಾಸ್ಟೆಲ್ಲೊಂದರಲ್ಲಿ ರೊಟ್ಟಿ ಬಡಿಯಲು ಹೋದಳು. ಮಕ್ಕಳು ಮತ್ತೆ ಸಾಲಿಗೆ ಸೇರಿದವು. ಅವಳು ಗಂಡನಿಗೆ ಒಂದೇ ಮಾತು ಹೇಳಿದಳು: “ನೀವ್ ಮಿಸ್ತ್ರಿ ಆದ್ರ ನಾವ್ ನಾಕೂ ಮಂದಿ ಒಂದೇ ಸೂರಿನಾಗ ಇರ್ತೀವಿ. ಮತ್ತ ಊರೂರು ತಿರಗೂದಂದ್ರ ನಾ ಬರೂದಿಲ್ಲ ನೋಡ್ರಿ. ಮಕ್ಕಳನ್ನೂ ಕಳಸೂದಿಲ್ಲ.” ನಕ್ಕೇ ಹೇಳಿದ್ದಳು. ಆದರೂ ಅವನು ಆ ನಗುವನ್ನು ನಂಬಲಿಲ್ಲ.

ಅವನು ಮೈಗಳ್ಳನಂತೂ ಅಲ್ಲ. ಬೆಳಕು ಹರಿಯುವ ಮೊದಲೇ ಅಂಗಡಿ ಕಸ ಹೊಡೆದು, ತಗಡು ಉಜ್ಜಿ, ಮುಖಕ್ಕೆ ಕಪ್ಪು ಗಾಜು ಹಿಡಿದು ಕೂಡುತ್ತಿದ್ದ. ರಾಡು ತಗಡಿಗೆ ತಾಗಿ ಬೆಂಕಿ ಎದ್ದೊಡನೆ ಮೈ ಒಮ್ಮೆ ಬೆಚ್ಚುತ್ತಿತ್ತು. “ಬೆಳಕ ನೋಡಬ್ಯಾಡ. ಬೆಳಕಿನ ಹಿಂದ ಕಬ್ಬಿಣ ನೀರಾಗಿರ್ತದಲ್ಲ, ಅದನ್ನ ನೋಡು. ಆ ನೀರನ್ನ ಮೆತ್ತಗ ಕರಕೊಂಡು ಹೋಗು,” ಎನ್ನುತ್ತಿದ್ದ ಮಡೆಪ್ಪ. ಹಣಮಂತಪ್ಪನಿಗೆ ಬೆಳಕಷ್ಟೇ ಕಾಣುತ್ತಿತ್ತು. ಕೈ ಸ್ಥಿರವಾಗಲೆಂದು ಅವನು ಮೆಲ್ಲಗೆ ಕುರುಬರ ದೇವರು ಬೀರಪ್ಪನ ಪದ ಗುನುಗತೊಡಗಿದ. ಅಡವಿಯಲ್ಲಿ ಅವನ ಅಪ್ಪ ಕಂಬಳಿ ಹೊದ್ದು ಹೇಳುತ್ತಿದ್ದ ಪದಗಳು. ಒಂದೊಂದು ಸಾಲೂ ಒಂದೊಂದು ಉಸಿರಿನಷ್ಟು ಉದ್ದ. ಪದ ಹರಿಯುವಷ್ಟು ಹೊತ್ತು ಕೈಯೂ ಹರಿಯುತ್ತಿತ್ತು. ಸಾಲು ಮುಗಿದು ಉಸಿರು ಎಳೆದುಕೊಳ್ಳುವಾಗ ರಾಡು ಒಂದು ಕೂದಲೆಳೆಯಷ್ಟು ಮೇಲೆದ್ದು ಮತ್ತೆ ಕೂಡುತ್ತಿತ್ತು. ಅದು ಅವನ ಅರಿವಿಗೇ ಬರುತ್ತಿರಲಿಲ್ಲ.

ಏಳನೆಯ ತಿಂಗಳಲ್ಲಿ ಮಡೆಪ್ಪ ಒಂದು ಪೂರಾ ಟ್ಯಾಂಕನ್ನು ಅವನ ಕೈಗೆ ಬಿಟ್ಟ. ಭಾಲ್ಕಿಯ ಗುತ್ತಿಗೆದಾರನೊಬ್ಬನ ಕೆಲಸ. “ಇದು ಪಾಸ್ ಆತಂದ್ರ ನೀ ಮಿಸ್ತ್ರಿ,” ಎಂದ.

ಟ್ಯಾಂಕು ಸೋರುತ್ತದೋ ಇಲ್ಲವೋ ನೋಡಲು ಮೊದಲೆಲ್ಲ ನೀರು ತುಂಬಿಸಿ ಒಂದು ದಿನ ನಿಲ್ಲಿಸುತ್ತಿದ್ದರು. ಆ ವರ್ಷ ಕುಡಿಯಲಿಕ್ಕೇ ನೀರಿಲ್ಲ, ಪರೀಕ್ಷೆಗೆ ಯಾರು ಕೊಡುತ್ತಾರೆ? ಹಾಗಾಗಿ ಒಬ್ಬನನ್ನು ಟ್ಯಾಂಕಿನೊಳಗೆ ಇಳಿಸಿ ಮುಚ್ಚಳ ಹಾಕುವುದು. ಹೊರಗೆ ಮೇಲಿಂದ ನಡುಹಗಲ ಬಿಸಿಲು, ಟ್ಯಾಂಕಿನಡಿ ದೊಡ್ಡ ದೀಪ. ತೂತು ಇದ್ದಲ್ಲಿ ಒಳಗಿನವನಿಗೆ ಬೆಳಕು ಕಾಣುತ್ತದೆ. ಪೂರಾ ಕತ್ತಲಾದರೆ ಟ್ಯಾಂಕು ಪಾಸು.

ಹಣಮಂತಪ್ಪನೇ ಇಳಿದ. ಮುಚ್ಚಳ ಬಿತ್ತು. ಕಾದ ಕಬ್ಬಿಣದ ಧಗೆಗೆ ಮೈಯೆಲ್ಲ ಬೆವರಿತು. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಬೆಳಕು ಕಂಡಿತು. ಒಂದಲ್ಲ, ಎರಡಲ್ಲ. ಬೆಸುಗೆಯ ಗೆರೆಯುದ್ದಕ್ಕೂ, ಗೇಣಿಗೊಂದರಂತೆ, ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು. ಅವನು ಬೆರಳಿನಿಂದ ಒಂದನ್ನು ಮುಟ್ಟಿದ, ಇನ್ನೊಂದನ್ನು ಮುಟ್ಟಿದ. ಪ್ರತಿ ಸಾಲು ಮುಗಿದಲ್ಲಿ, ಪ್ರತಿ ಸಲ ಉಸಿರು ಎಳೆದಲ್ಲಿ ಒಂದೊಂದು ತೂತು. ಎಷ್ಟು ಚಂದ ಕಾಣುತ್ತಿತ್ತೆಂದರೆ ಅವನಿಗೆ ಭಯವಾಯಿತು.

ಹೊರಗಿನಿಂದ ಜನಾಬಾಯಿಯ ದನಿ: “ಕತ್ತಲ ಅದ ಏನ್ರಿ?”

ಅವಳು ಹಾಸ್ಟೆಲ್ಲಿಗೆ ರಜೆ ಹೇಳಿ, ಪೇಢೆಯ ಪೊಟ್ಟಣ ಹಿಡಿದು ಬಂದಿದ್ದಳು. ಖೋಲಿಯ ಮಾಲಕಿ ಮುನವ್ವರ ಬೇಗಂಗೆ ಆಗಲೇ ಹೇಳಿಬಿಟ್ಟಿದ್ದಳು, ಇವತ್ತಿನಿಂದ ನಮ್ಮವರು ಮಿಸ್ತ್ರಿ ಎಂದು.

“ಏನ್ರಿ, ಕತ್ತಲ ಅದಲ್ಲ?”

“ಅದ,” ಎಂದ ಹಣಮಂತಪ್ಪ. “ಪೂರಾ ಕತ್ತಲ ಅದ.”

ಟ್ಯಾಂಕಿಗೆ ಒಳಗೂ ಹೊರಗೂ ಬಣ್ಣ ಬಿತ್ತು. ತಾನೂ ಟ್ಯಾಂಕರಿನ ಜೊತೆ ಭಾಲ್ಕಿಗೆ ಹೋಗಿ ನಾಲ್ಕು ದಿನ ನೋಡಿಕೊಂಡು ಬರುತ್ತೇನೆಂದು ಹಣಮಂತಪ್ಪ ಹೇಳಿದಾಗ ಮಡೆಪ್ಪನಿಗೆ ಹೆಮ್ಮೆ. “ನೋಡು ಜನಾ, ಮಿಸ್ತ್ರಿಗಿ ತನ್ನ ಕೆಲಸದ ಮ್ಯಾಲ ಜೀವ!”

ಟ್ಯಾಂಕರು ಎಳೆಯುವ ಟ್ರ್ಯಾಕ್ಟರ್ ಓಡಿಸುವವನು ಭಾಲ್ಕಿಯ ಫಕ್ರೋದ್ದೀನ. ಭಾಲ್ಕಿ ಹೊರಗಿನ ಒಂದು ಹೊಲದ ಬೋರಿನಲ್ಲಿ ನೀರು ತುಂಬಿಸಿ, ಖಟಕ ಚಿಂಚೋಳಿ ದಾಟಿ ಒಂದು ಸಣ್ಣ ಹಳ್ಳಿಗೆ ಒಯ್ಯಬೇಕು. ಮೊದಲ ದಿನವೇ ಟ್ಯಾಂಕಿನ ಹೊಟ್ಟೆಯ ಗೆರೆಗುಂಟ ಬಣ್ಣ ಉಬ್ಬಿ, ನೀರು ಮುತ್ತಿನಂತೆ ಮೂಡಿತು. ಹಣಮಂತಪ್ಪ ಬಟ್ಟೆಸಾಬೂನು ಕೊಂಡು ಗೆರೆಗೆ ಒತ್ತಿ ತಿಕ್ಕಿದ. ನೀರು ನಿಂತಿತು. ಗಾಡಿ ರಸ್ತೆಯ ಹತ್ತು ಹೊಂಡ ಹಾರಿದ ಮೇಲೆ ಮತ್ತೆ ಶುರುವಾಯಿತು. ಅಲ್ಲಿಂದ ಅವನ ಕೆಲಸ ಅದೇ ಆಯಿತು. ತುಂಬುವಾಗ ತಿಕ್ಕುವುದು, ದಾರಿಯಲ್ಲಿ ನಿಲ್ಲಿಸಿ ತಿಕ್ಕುವುದು.

“ಏನ್ ಮಿಸ್ತ್ರಿ,” ಫಕ್ರೋದ್ದೀನ ನಗುತ್ತಿದ್ದ, “ಊರ ಮಂದಿಗಿ ಜಳಕಾ ಮಾಡಾಕ ನೀರಿಲ್ಲ, ನೀವ್ ಗಾಡಿಗಿ ಜಳಕಾ ಮಾಡಸ್ಲತ್ತೀರಿ! ಲಗ್ನಾ ಅದ ಏನ್ ಇದರದು?”

“ಹೊಸಾದು ಅದಲ್ಲ, ಬಣ್ಣ ಕೂಡಬೇಕು,” ಎನ್ನುತ್ತಿದ್ದ ಇವನು.

ಊರೊಳಗೆ ಟ್ಯಾಂಕರು ಮೊದಲು ಹಣಮಂತ ದೇವರ ಗುಡಿಯ ಮುಂದೆ ನಿಲ್ಲುತ್ತಿತ್ತು, ಆಮೇಲೆ ಬಜಾರದಲ್ಲಿ, ಕಟ್ಟಕಡೆಗೆ ಬುದ್ಧ ವಿಹಾರದ ಓಣಿಯಲ್ಲಿ. ನೀರು ಕಡಿಮೆಯಾದರೆ ಕಡಿಮೆಯಾಗುವುದು ಕಡೆಯ ಓಣಿಗೇ. ಆ ಓಣಿಯಲ್ಲಿ ಅಂಗನವಾಡಿ ನಡೆಸುವ ಕೇಶರಬಾಯಿ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಕೊಡ ಬದಿಗಿಟ್ಟು ಬಂದು ನಿಂತಳು.

“ಏನ್ರಿ ಡ್ರೈವರ್ ಸಾಹೇಬ್ರ, ನಮ್ಮ ಓಣಿಗಿ ಬರೂದ್ರಾಗ ನಿಮ್ಮ ಟ್ಯಾಂಕರಿಗಿ ದಣಿವಾಗ್ತದ ಏನು?”

“ಬಾಯೀ, ತುಂಬಿದಷ್ಟು ತಂದೇನಿ,” ಎಂದ ಫಕ್ರೋದ್ದೀನ.

ಮಾತು ಬೆಳೆಯಿತು. ಬಜಾರದವರು ಎರಡು ಸಲ ತುಂಬಿಕೊಳ್ಳುತ್ತಾರೆಂದು ಕಡೆಯ ಓಣಿಯ ಹುಡುಗರು ಕೂಗಿದರು. ಬಜಾರದವರು ಓಡಿ ಬಂದು, ನಮ್ಮನ್ಯಾಕ ಅಂತೀರಿ, ಇವನೇ ದಾರ್ಯಾಗ ನೀರು ಮಾರ್ಯಾನ ಎಂದರು. ಯಾರೋ ಫಕ್ರೋದ್ದೀನನ ಅಂಗಿ ಹಿಡಿದೆಳೆದರು. ಗುಂಡಿ ಹರಿದು ಬಿದ್ದವು. ಒಂದು ಏಟೂ ಬಿತ್ತು.

“ಖುದಾ ಕೀ ಕಸಂ, ಒಂದ್ ಹನಿ ಮಾರಿಲ್ಲ! ಮಿಸ್ತ್ರಿ, ನೀವ್ ಹೇಳ್ರಿ, ನೀವ್ ಜೋಡಿ ಇದ್ರಲ್ಲ!”

ಅವನನ್ನು ಹೊಡೆದವನ ಕೈ ಮತ್ತೆ ಮೇಲೆದ್ದಿತ್ತು. ಚಿದ್ರಿಯ ಖೋಲಿ, ಮಕ್ಕಳ ಪಾಟೀಚೀಲ, ಹೆಂಡತಿಯ ಮುಖ ಒಮ್ಮೆಗೇ ಹಣಮಂತಪ್ಪನ ಕಣ್ಣ ಮುಂದೆ ಬಂದವು. ಒಂದು ಗಳಿಗೆ ಅವನು ಸುಮ್ಮನೇ ನಿಂತ. ಆ ಗಳಿಗೆಯಲ್ಲಿ ಎರಡನೆಯ ಏಟೂ ಬಿತ್ತು.

“ಅವನಿಗಿ ಹೊಡೀಬ್ಯಾಡ್ರಿ,” ಎಂದ. ಯಾರಿಗೂ ಕೇಳಿಸಲಿಲ್ಲ. ಕೂಗಿದ: “ಟ್ಯಾಂಕ್ ಸೋರ್ತದ! ನಾ ಹಾಕಿದ ಬೆಸಗಿ. ನನಗ ಮೊದಲೇ ಗೊತ್ತಿತ್ತು. ನಿಮ್ಮ ನೀರು ದಾರ್ಯಾಗ ಹೋಗ್ಯದ.”

ಗದ್ದಲ ಮೆಲ್ಲಗೆ ಇಳಿಯಿತು. ಕೇಶರಬಾಯಿ ಟ್ಯಾಂಕಿನ ಕೆಳಗೆ ಬಗ್ಗಿ, ಗೆರೆಯ ಮೇಲೆ ಕೈಯಾಡಿಸಿ, ಬೆರಳಿಗೆ ಹತ್ತಿದ ಸಾಬೂನನ್ನು ನೋಡಿದಳು.

“ಗೊತ್ತಿತ್ತು?” ಎಂದಳು. “ಗೊತ್ತಿದ್ದೂ ನಾವ್ ಖಾಲಿ ಕೊಡ ಹೊತ್ತು ಹೋಗೂದ ನೋಡ್ಕೋತ ನಿಂತಿದ್ರಿ?”

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಕೊಡ ಎತ್ತಿಕೊಂಡು ಹೋದಳು.

ಟ್ಯಾಂಕರು ಅದೇ ದಿನ ನೌಬಾದಕ್ಕೆ ವಾಪಸಾಯಿತು. ದಾರಿಯುದ್ದಕ್ಕೂ ಫಕ್ರೋದ್ದೀನ ಒಂದು ತಮಾಷೆಯನ್ನೂ ಮಾಡಲಿಲ್ಲ. ಅಂಗಡಿಯ ಮುಂದೆ ಇಳಿಸುವಾಗ ಮಾತ್ರ ಹರಿದ ಅಂಗಿ ಎಳೆದುಕೊಳ್ಳುತ್ತ, “ಮೊದಲನೇ ದಿನಾನೇ ನನಗ ಹೇಳಿದ್ರ ನಾನೂ ಮುಚ್ಚಿಡ್ತಿದ್ದೆ ಬಿಡ್ರಿ. ನೀವ್ ಹೇಳಲಿಲ್ಲ, ಅದೇ ಬ್ಯಾಸರ,” ಎಂದ.

ಸುದ್ದಿ ಕೇಳಿ ಜನಾಬಾಯಿ ಹಾಸ್ಟೆಲ್ಲಿನಿಂದ ಓಡಿ ಬಂದಾಗ ಮಡೆಪ್ಪ ಟ್ಯಾಂಕಿನೊಳಗೆ ಇಳಿದು ತೂತು ನೋಡಿ, ಹೊರಗೆ ಬಂದು ಕಲ್ಲಿನ ಮೇಲೆ ಕೂತಿದ್ದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಹಣಮಂತಪ್ಪನಿಗೆ ಅದೇ ಕಷ್ಟವಾಗಿತ್ತು.

“ಇನ್ನಾರು ತಿಂಗಳು ಕಲೀಲಿ,” ಎಂದ. “ನಾ ಕಲಸೂದ್ರಾಗೇ ಎಲ್ಲೋ ತಪ್ಪ್ಯದ. ಬರ್ತದ. ಎಲ್ಲರಿಗೂ ಬರ್ತದ.”

“ನನಗ ಬರೂದಿಲ್ಲ ಭಾವಾ,” ಎಂದ ಹಣಮಂತಪ್ಪ. ಏಳು ತಿಂಗಳಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂತು. “ದಿನಾ ದೇವರಿಗಿ ಕೈಮುಗಿದು ಕೂತೇನಿ. ಬರವಲ್ದು.”

“ಹಂಗಂದ್ರ ಹ್ಯಾಂಗ? ನಾ ಹ್ಯಾಂಗ ಕಲ್ತೆ?”

ಜನಾಬಾಯಿ ಅಣ್ಣನ ಕಡೆ ತಿರುಗಿದಳು. “ಅಣ್ಣಾ, ನಿನಗ ಕುರಿ ಕಾಯಾಕ ಬರಲಿಲ್ಲ. ಮರಿ ಕಳಕೊಂಡು ಬರ್ತಿದ್ದಿ, ಅಪ್ಪ ಬಾರಕೋಲಿಲೆ ಬಡೀತಿದ್ದ. ಕುರುಬನ ಮಗನಿಗಿ ಕುರಿ ಬರೂದಿಲ್ಲ ಅಂದ್ರ ಮೈಗಳ್ಳತನ ಅಂತಿದ್ದ. ಅದಕ್ಕೇ ಅಲ್ಲ ನೀ ಬೀದರಿಗಿ ಓಡಿ ಬಂದಿದ್ದು?”

ಮಡೆಪ್ಪನ ಮುಖ ಕಪ್ಪಿಟ್ಟಿತು. “ಅದು ಬ್ಯಾರೆ ಮಾತು.”

“ಏನ್ ಬ್ಯಾರೆ?”

“ನಾ ಯಾರಿಗೂ ಸುಳ್ಳ ಹೇಳಿ ಮಂದಿ ನೀರು ಚೆಲ್ಲಿರಲಿಲ್ಲ.”

ಜನಾಬಾಯಿ ಗಂಡನನ್ನು ನೋಡಿದಳು. ಅವನ ಪರವಾಗಿ ಆಡಿದ ಮಾತೆಲ್ಲ ಅಲ್ಲಿಗೇ ಮುಗಿದುಹೋಯಿತು.

“ಅದು ಖರೆ,” ಎಂದಳು. “ನಾ ಕೇಳಿದೆ ನಿಮಗ. ಎರಡು ಸರ್ತಿ ಕೇಳಿದೆ.”

“ಕೇಳಿದಿ.”

“ತೂತು ಅವ ಅಂದಿದ್ರ ನಾ ಏನ್ ನಿಮಗ ತಿಂದುಬಿಡ್ತಿದ್ನೇನು?”

ಅವನು ನೆಲ ನೋಡಿದ. ತಿನ್ನುತ್ತಿರಲಿಲ್ಲ, ಪೇಢೆಯ ಪೊಟ್ಟಣ ಮಡಚಿಕೊಂಡು ಮನೆಗೆ ಹೋಗುತ್ತಿದ್ದಳು, ಅಷ್ಟೇ. ಅದನ್ನು ನೋಡಲಾರೆ ಎಂದೇ ಸುಳ್ಳು ಹೇಳಿದ್ದು. ಅದನ್ನು ಹೇಗೆ ಹೇಳುವುದು?

“ಔರಾದ ಕಡೆ ಕಾಶೀರಾಮನ ಹಿಂಡು ಗೋದಾವರಿ ದಂಡಿಗಿ ಹೊಂಟದಂತ,” ಎಂದ ಕಡೆಗೆ. “ಅವನಿಗಿ ಆಳು ಬೇಕಾಗ್ಯದ. ಹೋಗ್ತೇನಿ.”

“ಮಂದಿ ಕುರಿ,” ಎಂದಳು ಜನಾಬಾಯಿ.

“ಹೂಂ. ಮಂದಿ ಕುರಿನೇ.”

ಮಡೆಪ್ಪ ಎದ್ದು ವೆಲ್ಡಿಂಗ್ ಮಶೀನು ಚಾಲೂ ಮಾಡಿದ. ನಾಳೆ ಬೆಳಿಗ್ಗೆ ಆ ಊರಿಗೆ ನೀರು ಹೋಗಲೇಬೇಕಿತ್ತು. ಮಶೀನಿನ ಸದ್ದಿನಲ್ಲಿ ಮಾತು ಕೇಳಿಸದೆ ಗಂಡಹೆಂಡತಿ ರಸ್ತೆಗೆ ಬಂದರು. ಚಿದ್ರಿಯ ಕಡೆ ಸ್ವಲ್ಪ ದೂರ ನಡೆದರು.

“ನೀ ಬರ್ತಿ ಏನು?” ಎಂದು ಕೇಳಿದ. ಉತ್ತರ ಗೊತ್ತಿದ್ದೂ ಕೇಳಿದ.

“ನಾ ಬರೂದಿಲ್ಲ.”

“ಹುಡುಗಿಯರಿಗಿ ಏನ್ ಹೇಳ್ತಿ?”

ಜನಾಬಾಯಿ ನಿಂತಳು. ಸಿಟ್ಟೂ ಅಳುವೂ ಒಟ್ಟಿಗೇ ಬಂದು ಅವಳ ದನಿ ಒಡೆದಿತ್ತು. “ನಾ ಯಾಕ ಹೇಳ್ಲಿ? ನೀವೇ ಹೇಳ್ರಿ. ಟ್ಯಾಂಕ್ ಸೋರಿದ್ದೂ ಹೇಳ್ರಿ, ಸುಳ್ಳ ಹೇಳಿದ್ದೂ ಹೇಳ್ರಿ. ಆಮ್ಯಾಲ ಹೋಗ್ರಿ.”

ಸಾಲಿ ಬಿಡುವ ಹೊತ್ತಾಗಿತ್ತು. ಅವಳು ಮನೆಯ ಕಡೆ ತಿರುಗಿದಳು. ಹಣಮಂತಪ್ಪ ಸಾಲಿಯ ಗೇಟಿನ ಕಡೆ ನಡೆದ.